ಆರೋಗ್ಯ ಮೇಳದಲ್ಲಿ ದೊಡ್ಡವರನ್ನೂ ಆಟಕ್ಕಿಳಿಸುವುದು ಹೇಗೆ?

ಪ್ರಶ್ನೆ: ಕುಟುಂಬಗಳಿಗಾಗಿ ಒಂದು ದಿನದ ಆರೋಗ್ಯ ಮೇಳ ನಡೆಸಬೇಕೆಂದಿದ್ದೇವೆ. ಇಂತಹ ಕಡೆ ಮಕ್ಕಳು ಆಡುತ್ತಾರೆ, ಹೆತ್ತವರು ಮೊಬೈಲ್ ಹಿಡಿದು ಕುರ್ಚಿ ಬಿಟ್ಟು ಏಳುವುದಿಲ್ಲ. ಏನು ಮಾಡಬಹುದು?

ಉತ್ತರ 1: ಬಹುಮಾನದ ಸ್ಪರ್ಧೆಗಳನ್ನು ಕೈಬಿಟ್ಟು, ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಒಂದೇ ತಂಡವಾಗಿ ಆಡುವ ರಿಲೇ ಆಟಗಳನ್ನು ಇಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸುವುದರಿಂದ, ಒಂದು ದಿನದ ಸಂಭ್ರಮಕ್ಕಿಂತ ವಾರವಾರದ ನಡಿಗೆಯ ಗುಂಪೇ ಮೇಲೆಂದು ನನ್ನ ಅಭಿಪ್ರಾಯ.

ಉತ್ತರ 2: ಆಹಾರದ ಕುರಿತ ಭಾಷಣ ಬೇಡ (ಯಾರೂ ಕೇಳುವುದಿಲ್ಲ). ಮಕ್ಕಳಿಂದಲೇ ಹಣ್ಣು ತೊಳೆಸಿ ಹೋಳು ಮಾಡಿಸಿದರೆ, ತಾವೇ ಹೆಚ್ಚಿದ್ದನ್ನು ಅವರು ಮೂಗು ಮುರಿಯದೆ ತಿನ್ನುತ್ತಾರೆ. ದಿನಕ್ಕೆ ಬೇಕಾದ 400 ಗ್ರಾಂ ಹಣ್ಣು, ತರಕಾರಿಯನ್ನು ತಟ್ಟೆಯಲ್ಲಿ ತೂಗಿ ತೋರಿಸಿ.

ಪ್ರಶ್ನಿಸಿದವರು: ಧನ್ಯವಾದಗಳು. ತಕ್ಕಡಿಯ ವ್ಯವಸ್ಥೆ ಮಾಡುತ್ತೇವೆ. ತಂಪು ಪಾನೀಯದ ಮಳಿಗೆಯನ್ನೂ ಕೈಬಿಡುತ್ತೇವೆ.