ಮುಂದಿನ ತಿಂಗಳು ರಷ್ಯಾಗೆ ಆಫೀಸ್ ಟ್ರಿಪ್, ರಷ್ಯನ್ ಎಷ್ಟು ಕಲ್ತ್ರೆ ಸಾಕು?

ಭೋಸರಿ ಹುಡುಗ:
ಎಲ್ರಿಗೂ ನಮಸ್ಕಾರ. ಪುಣೆಲಿ ವಾಲ್ವ್ ಮಾಡೋ ಕಂಪನಿಲಿದೀನಿ, ಮುಂದಿನ ತಿಂಗಳು ಮಾಸ್ಕೋ, ಅಲ್ಲಿಂದ ಯೆಕತೆರಿನ್‌ಬರ್ಗ್‌ಗೆ ಕಸ್ಟಮರ್ ವಿಸಿಟ್ ಅಂತ ಕಳಿಸ್ತಿದಾರೆ. ಮೀಟಿಂಗಿಗೆ ಇಂಟರ್‌ಪ್ರಿಟರ್ ಇರ್ತಾರಂತೆ, ಅದರ ಚಿಂತೆ ಇಲ್ಲ. ಸಂಜೆ ಆದ್ಮೇಲೆ ಹೋಟ್ಲಿಂದ ಹೊರಗೆ ಕಾಲಿಟ್ರೆ ನಾನೊಬ್ನೇ, ಊಟ ಬೇರೆ ಪ್ಯೂರ್ ವೆಜ್. ಯೂಟ್ಯೂಬಲ್ಲಿ ನೂರು ವಾಕ್ಯದ ವಿಡಿಯೋ ನೋಡ್ತಾ ಇದೀನಿ, ಹತ್ತನೇದಕ್ಕೆ ಬರೋಷ್ಟ್ರಲ್ಲಿ ಮೊದಲನೇದು ಮರ್ತೋಗಿರುತ್ತೆ. ಏನು ಕಲೀಲಿ ಏನು ಬಿಡ್ಲಿ, ಗೊತ್ತಿರೋರು ಹೇಳಿ ಪ್ಲೀಸ್.

ಕೊತ್ರೂಡ್ ಕನ್ನಡತಿ:
ವಾಕ್ಯ ಆಮೇಲೆ, ಮೊದ್ಲು ಅಕ್ಷರ ಕಲೀರಿ. ಇರೋದೇ 33, ನಮ್ಮ ಕಾಗುಣಿತ ಕಲ್ತೋರಿಗೆ ಅದೇನ್ ಮಹಾ. ಮೋಸ ಮಾಡೋದು ಇಂಗ್ಲಿಷ್ ತರ ಕಾಣೋ ಅಕ್ಷರಗಳು: ಪಿ ತರ ಇರೋದು ರ, ಎಚ್ ತರ ಇರೋದು ನ, ಸಿ ಅಂದ್ರೆ ಸ, ಬಿ ಅಂದ್ರೆ ವ. ಬೋರ್ಡಲ್ಲಿ 'ಪೆಕ್ಟೋಪಾ' ಅಂತ ಓದ್ಕೊಂಡು ಮುಂದೆ ಹೋಗ್ಬಿಡ್ತೀರಿ, ಅದು ರೆಸ್ತರಾನ್! ಅಕ್ಷರ ಬಂದ್ರೆ ಬ್ಯಾಂಕ್, ಕೆಫೆ, ಮೆತ್ರೋ ಎಲ್ಲಾ ತಾನಾಗೇ ಗೊತ್ತಾಗುತ್ತೆ, ವ್ಖೋದ್ ಅಂದ್ರೆ ಒಳಗೆ ಹೋಗೋ ದಾರಿ, ವಿಖದ್ ಹೊರಗೆ ಬರೋದು. ಇನ್ನೊಂದು, ಒತ್ತಿ ಹೇಳದ ಕಡೆ 'ಒ' ಬಂದ್ರೆ ಅದನ್ನ 'ಅ' ಅಂತಾರೆ, ಬರೆಯೋದು ಸ್ಪಸೀಬೊ, ಹೇಳೋದು ಸ್ಪಸೀಬ, ಅಂದ್ರೆ ಥ್ಯಾಂಕ್ಸ್.

ವ್ಯಾಕರಣಕ್ಕೆ ಹೆದರ್ಬೇಡಿ, ಕೆಲವು ಕಡೆ ಇಂಗ್ಲಿಷಿಗಿಂತ ನಮಗೆ ಹತ್ರ ಇದೆ. 'ಯಾ ಇಂಝೆನ್ಯೇರ್' ಅಂದ್ರೆ 'ನಾನು ಇಂಜಿನಿಯರ್', ಅಷ್ಟೇ, ನಡುವೆ ಇನ್ನೇನೂ ಬೇಡ. ನೀನು ನೀವು ಭೇದಾನೂ ಇದೆ, ತಿ ಮತ್ತೆ ವಿ, ಕಸ್ಟಮರ್ ಹತ್ರ ಯಾವಾಗ್ಲೂ 'ವಿ' ನೇ. ಪೂರ್ತಿ ಕಲಿಯೋ ಹುಚ್ಚು ಹತ್ತಿದ್ರೆ ವಾಪಸ್ ಬಂದ್ಮೇಲೆ ಎಫ್‌ಸಿ ರೋಡಿನ ರಾನಡೆ ಇನ್‌ಸ್ಟಿಟ್ಯೂಟಲ್ಲಿ ವಿಚಾರಿಸಿ, ಯೂನಿವರ್ಸಿಟಿ ಫಾರಿನ್ ಲ್ಯಾಂಗ್ವೇಜ್ ಡಿಪಾರ್ಟ್‌ಮೆಂಟ್ ಅಲ್ಲಿದೆ.

ಮೋರ್ಜಿಮ್ ಮಂದಿ:
ಅಕ್ಕಾರ ಮಾತು ಖರೆ ಐತಿ, ಆದ್ರ ನಾ ಒಂದ್ ಅಕ್ಷರಾನೂ ಕಲೀದ ಧಂದೆ ನಡಸಾಕತ್ತೀನ್ರಿ. ಗೋವಾದಾಗ ಸ್ಕೂಟಿ ಬಾಡಿಗಿ ಕೊಡ್ತೀನಿ, ಸೀಸನ್ನಿನ್ಯಾಗ ಗಿರಾಕಿ ಬಾಳ ಮಂದಿ ರಷ್ಯಾದವ್ರ. 'ಸ್ಕೋಲ್ಕ' ಅಂದ್ರ ಎಷ್ಟು, ಅದನ್ನ ಎಲ್ಲಾರೂ ಕಲೀತಾರ, ಆದ್ರ ಎದುರಿನಾಂವ ಗಡಗಡ ಅಂತ ರೇಟ್ ಹೇಳಿದ್ರ ತಿಳೀಬೇಕಲ್ಲ? ಅದಕ್ಕ ಮೊದಲ ನಂಬರ್ ಕಲೀರಿ. ಅದೀನ್, ದ್ವಾ, ತ್ರಿ, ಚಿತೀರೆ, ಪ್ಯಾತ್... ದ್ವಾ ತ್ರಿ ಅಂತೂ ನಮ್ಮ ದ್ವಿ ತ್ರಿ ಇದ್ದಂಗ ಅದಾವ್ರಿ. ತಿಳೀಲಿಲ್ಲಂದ್ರ ಪೆನ್ನು ಚಾಚಿ 'ನಪಿಶೀತೆ ಪಝಾಲುಸ್ತ' ಅನ್ರಿ, ಬರದ್ ಕೊಡ್ತಾರ. ನಮಸ್ಕಾರಕ್ಕ ದೊಡ್ಡ ಶಬ್ದ ಒಂದೈತಿ, ನಾಲಿಗಿ ಹೊಳ್ಳೂದಿಲ್ಲ, ಹಗಲಿನ್ಯಾಗ 'ದೋಬ್ರಿ ದ್ಯೇನ್' ಅಂದ್ರ ನಡೀತದ.

ಮಾಟುಂಗಾ ಮಾಣಿ:
ಭಾಷೆಗಿಂತ ಮೊದ್ಲು ದುಡ್ಡಿನದ್ದು ನೋಡಿ ಮಾರಾಯ್ರೆ. 2022ರ ಮಾರ್ಚಿನಲ್ಲಿ ವೀಸಾ ಮಾಸ್ಟರ್‌ಕಾರ್ಡ್ ಎರಡೂ ಅಲ್ಲಿ ಕೆಲ್ಸ ನಿಲ್ಲಿಸಿವೆ, ಇಲ್ಲಿಯ ಬ್ಯಾಂಕಿನ ಆ ಕಾರ್ಡು ಅಲ್ಲಿ ಪ್ಲಾಸ್ಟಿಕ್ ಮಾತ್ರ. ಡಾಲರ್ ಕ್ಯಾಶ್ ತಗೊಂಡು ಹೋಗಿ, ಅಲ್ಲಿ ಬ್ಯಾಂಕಲ್ಲಿ ರೂಬಲ್ ಮಾಡಿಸಿ. ಟ್ರಾನ್ಸ್‌ಲೇಟ್ ಆ್ಯಪಲ್ಲಿ ರಷ್ಯನ್ ಇಲ್ಲಿಂದಲೇ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ.

ಊಟದ್ದು ಹೇಳ್ತೇನೆ. 'ಯಾ ವೆಗೆತರಿಯಾನೆತ್ಸ್' ಅಂದು ಸುಮ್ಮನಾದ್ರೆ ಮೀನು ಬಂದ್ರೂ ಬಂತು. ಬಿಡಿಸಿ ಹೇಳ್ಬೇಕು: ಬೆಜ್ ಮ್ಯಾಸ, ಬೆಜ್ ರೀಬಿ, ಬೆಜ್ ಕೂರಿತ್ಸಿ, ಅಂದ್ರೆ ಮಾಂಸ ಬೇಡ ಮೀನು ಬೇಡ ಕೋಳಿ ಬೇಡ. ಬೋರ್ಶ್ ಕೆಂಪಗೆ ಬೀಟ್ರೂಟ್ ಸಾರಿನ ಹಾಗೆ ಉಂಟು ಅಂತ ಬಾಯಿಗಿಡ್ಬೇಡಿ, ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಲ್ಲೇ ಮಾಡೋದು. ಗ್ರೇಚ್ಕ ಅಂತ ಒಂದು ಧಾನ್ಯ ಬೇಯಿಸಿ ಕೊಡ್ತಾರೆ, ಅದಕ್ಕೆ ನಿಮ್ಮ ಉಪ್ಪಿನಕಾಯಿ ಹಾಕಿದ್ರೆ ಸುಖ.

ಹೆಸರಿನ ವಿಷಯ, ನೀವು ಮಹಾರಾಷ್ಟ್ರದಲ್ಲಿ ಇರೋದ್ರಿಂದ ಸುಲಭ. ಇಲ್ಲಿ ನಡುವೆ ಅಪ್ಪನ ಹೆಸರು ಬರುತ್ತಲ್ಲ, ಅಲ್ಲಿಯೂ ಹಾಗೇ, ಅಪ್ಪ ಪ್ಯೋತ್ರ್ ಆದ್ರೆ ಮಗ ಇವಾನ್ ಪೆತ್ರೋವಿಚ್, ಮಗಳು ಆನಾ ಪೆತ್ರೋವ್ನ. ಹಿರಿಯ ಮ್ಯಾನೇಜರನ್ನು ಹಾಗೆ ಎರಡೂ ಸೇರಿಸಿ ಕರೆದ್ರೆ ಮರ್ಯಾದೆ. ಮತ್ತೆ ಹೊಸ್ತಿಲಿನ ಆಚೆ ಈಚೆ ನಿಂತು ಕೈ ಕುಲುಕ್ಬೇಡಿ, ಅಪಶಕುನ ಅಂತಾರೆ.

ಭೋಸರಿ ಹುಡುಗ:
ಅಬ್ಬಾ, ಕಾರ್ಡ್ ವಿಷಯ ನಮ್ಮ ಅಡ್ಮಿನ್ ಹೇಳೇ ಇರ್ಲಿಲ್ಲ, ನಾಳೆನೇ ಹೋಗಿ ಕೂರ್ತೀನಿ ಅವರ ತಲೆ ಮೇಲೆ. ಅಕ್ಷರ ಇವತ್ತಿಂದ ಶುರು. ಒಂದೇ ಡೌಟು, ರಾತ್ರಿ ಪಾರ್ಟಿಲಿ ವೋಡ್ಕಾ ಕೊಟ್ರೆ ಬೇಡ ಅನ್ನೋದು ಹೆಂಗೆ?

ಕೊತ್ರೂಡ್ ಕನ್ನಡತಿ:
'ಯಾ ನೆ ಪ್ಯು', ನಾನು ಕುಡಿಯಲ್ಲ. ನಗ್ತಾ ಹೇಳಿ, ಮೊದಲನೇ ಸಲನೇ ಹೇಳಿ, ಒಂದು ಗುಟುಕು ಕುಡಿದಾದ್ಮೇಲೆ ಹೇಳಿದ್ರೆ ಯಾರೂ ನಂಬಲ್ಲ. ಜ್ಯೂಸ್ ಗ್ಲಾಸ್ ಎತ್ತಿ 'ಜಾ ವಾಶೆ ಜ್ದರೋವ್ಯೆ', ಅಂದ್ರೆ ನಿಮ್ಮ ಆರೋಗ್ಯಕ್ಕೆ, ಅಂದ್ಬಿಡಿ.