ಬೂದಿದಿಬ್ಬ ಪ್ರಶ್ನೋತ್ತರ: ಕಡಿದ ಗೋಡೆಯಲ್ಲಿ ಗೊರಸಿನ ಗುರುತು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಕಡೆ ಹೊಲಗಳ ನಡುವೆ ಇರುವ ಬೂದಿದಿಬ್ಬಗಳ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಈ ಭಾಗದಲ್ಲಿ ಉತ್ಖನನ ಮಾಡಿದ ಪುರಾತತ್ವ ತಜ್ಞೆಯೊಬ್ಬರು ಇವತ್ತು ಉತ್ತರ ಕೊಡುತ್ತಾರೆ. ಅವರನ್ನು ಮೇಡಂ ಅಂತಲೇ ಕರೆಯೋಣ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬಿಸಿಲೂರು: ನಮಸ್ಕಾರ ಮೇಡಂ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರ ಒಂದು ಬೂದಿಗುಡ್ಡ ಇದೆ. ಅದು ಹಳೇ ಜ್ವಾಲಾಮುಖಿ ಅಂತ ನಮ್ಮ ಕಡೆ ಹೇಳುತ್ತಾರೆ. ಹೌದಾ?

ಮೇಡಂ: ನಮಸ್ಕಾರ. ಜ್ವಾಲಾಮುಖಿ ಅಲ್ಲ. ದನದ ಸಗಣಿ ಸುಟ್ಟ ಬೂದಿ. 19ನೇ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷ್ ಸೇನಾಧಿಕಾರಿ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದಾಗಲೂ ಜ್ವಾಲಾಮುಖಿಯ ಮಾತು ಬಂದಿತ್ತು. ಅದೇ ಶತಮಾನದ ಕೊನೆಯ ಹೊತ್ತಿಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದಕ್ಕೂ ದನದ ದೊಡ್ಡಿಗೂ ಸಂಬಂಧ ಇದೆ ಅಂದರು. 1960ರಲ್ಲಿ ವಿಜ್ಞಾನಿ ಝಾಯ್ನರ್ ಮಾದರಿಗಳನ್ನು ಪರೀಕ್ಷೆ ಮಾಡಿ ಇದು ಸಗಣಿಯೇ ಅಂತ ತೋರಿಸಿದರು. ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರ ನಡುವೆ. ನವಶಿಲಾಯುಗ. ಇಂಥ ದಿಬ್ಬಗಳು ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ನೂರಕ್ಕೂ ಜಾಸ್ತಿ ಇವೆ.

ತುಂಗೆ ದಂಡೆ: ಹಂಪಿ ಹತ್ತಿರ ನಿಂಬಾಪುರದಲ್ಲಿ ಇರುವ ಬೂದಿ ವಾಲಿಯನ್ನು ಸುಟ್ಟ ಜಾಗದ್ದು. ಅದನ್ನೂ ಸಗಣಿ ಅನ್ನುತ್ತೀರಾ?

ಮೇಡಂ: ಬೂದಿ ಸಗಣಿಯದೇ. ವಾಲಿಯ ಕಥೆ ಆ ಜಾಗವನ್ನು ಇಷ್ಟು ಕಾಲ ಜನರ ನೆನಪಲ್ಲಿ ಉಳಿಸಿದೆ. ಅದಕ್ಕೆ ನನ್ನ ಗೌರವ ಇದೆ.

ಕಪ್ಪುಮಣ್ಣು: ನಮಸ್ಕಾರ್ರೀ ಮೇಡಂ. ನಮ್ಮ ಹೊಲದ ಬದುವಿಗೆ, ಕಲ್ಲುಗುಡ್ಡದ ಬುಡದಲ್ಲಿ ಬೂದು ಬಣ್ಣದ ದಿಬ್ಬ ಇದೆ. ಎರಡಾಳು ಎತ್ತರ. ಅರ್ಧ ದಿಬ್ಬ ನಮ್ಮ ದೊಡ್ಡಪ್ಪನ ಮಗನ ಪಾಲಿಗೆ ಬರುತ್ತದೆ. ಹೋದ ತಿಂಗಳು ಅಣ್ಣ ಜೆಸಿಬಿ ತಂದು ಒಂದು ಮಗ್ಗುಲು ಕಡಿದು, ಬೂದಿಯನ್ನು ಹೊಲಕ್ಕೆ ಹೊಡೆದ. ಈಗ ಅದು ಗೋಡೆ ಥರ ನಿಂತಿದೆ. ಬಿಳಿ, ಬೂದು, ಕಂದು ಪಟ್ಟಿ ಕಾಣುತ್ತವೆ. ತಳದ ಹತ್ತಿರ ಒಂದು ಪದರ ಮೆಟ್ಟಿಲಿನಂತೆ ಹೊರಗೆ ಬಂದಿದೆ. ಅದರ ಮೇಲೆ ದನದ ಗೊರಸು ಒತ್ತಿದ ಹಾಗೆ ಗುರುತು ಇವೆ. ಅಲ್ಲೇ ದುಂಡಗೆ ಕಪ್ಪು ಕಲೆಗಳೂ ಇವೆ, ಒಂದರ ಪಕ್ಕ ಒಂದು. ಫೋಟೋ ಹಾಕಿದ್ದೇನೆ. ಏನಿದು?

ಮೇಡಂ: ತಮ್ಮಾ, ಮೊದಲು ಒಂದು ಮಾತು. ಆ ಗೋಡೆಯ ಬುಡಕ್ಕೆ ಯಾರೂ ಹೋಗಬಾರದು. ಮಕ್ಕಳಂತೂ ಬೇಡವೇ ಬೇಡ. ಬೂದಿ ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ. ಒಂದು ಮಳೆಗೆ, ಇಲ್ಲ ಮೇಲೆ ಯಾರಾದರೂ ನಡೆದಾಡಿದರೆ, ಏಕ್‌ದಂ ಕುಸಿಯುತ್ತದೆ.

ಈಗ ನಿಮ್ಮ ಫೋಟೋ. ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಬಿಳಿ, ಬೂದು ಪಟ್ಟಿಗಳು ಮೆತ್ತನೆಯ ಬೂದಿ. ಮಧ್ಯೆ ಕಲ್ಲಿನಂತೆ ಕಾಣುವ, ತೂತು ತೂತಾದ ಪದರ ಸಗಣಿಯೇ ಕರಗಿ ಗಟ್ಟಿಯಾದದ್ದು. ದನ ತಿನ್ನುವ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ದೊಡ್ಡ ಗುಡ್ಡೆಗೆ ಬೆಂಕಿ ಬಿದ್ದು ಒಳಗೆ ಕಾವು ತುಂಬಾ ಏರಿದರೆ ಆ ಸಿಲಿಕಾ ಬೂದಿಯಲ್ಲಿರುವ ಕ್ಷಾರದ ಜೊತೆ ಸೇರಿ ಗಾಜಿನ ಹಾಗೆ ಕರಗುತ್ತದೆ. ಮನೆ ಮುಂದಿನ ತಿಪ್ಪೆಗೆ ಕಿಡಿ ಬಿದ್ದರೆ ಇಷ್ಟು ಕಾವು ಬರುವುದಿಲ್ಲ. ಕಂದು ಪಟ್ಟಿ ಬಹುಶಃ ಪೂರ್ತಿ ಸುಡದ ಸಗಣಿ. ಅಂದರೆ ನಿಮ್ಮ ದಿಬ್ಬ ಒಂದೇ ಬೆಂಕಿಯಿಂದ ಆದದ್ದಲ್ಲ. ಸಗಣಿ ಕೂಡಿದೆ, ಸುಟ್ಟಿದೆ, ಮತ್ತೆ ಕೂಡಿದೆ, ಮತ್ತೆ ಸುಟ್ಟಿದೆ.

ಗೊರಸಿನ ಗುರುತು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. 1957ರಲ್ಲಿ ಬ್ರಿಟಿಷ್ ಪುರಾತತ್ವ ತಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ಅಲ್ಲಿ ಪದರಗಳ ನಡುವೆ ದನದ ಗೊರಸಿನ ಅಚ್ಚು ಸಿಕ್ಕವು. ಮರದ ಗೂಟ ನೆಟ್ಟ ಕುಳಿಗಳು ಸಾಲಾಗಿ ಸಿಕ್ಕವು. ಅದು ದನ ಕೂಡುವ ದೊಡ್ಡಿಯ ಬೇಲಿ. ದೊಡ್ಡಿ ಸುಟ್ಟಿದೆ, ಅದೇ ಜಾಗದಲ್ಲಿ ಮತ್ತೆ ಬೇಲಿ ಎದ್ದಿದೆ. ನಿಮ್ಮ ಕಪ್ಪು ಕಲೆಗಳು ಅಂಥ ಕಂಬದ ಕುಳಿಗಳೇ ಆಗಿದ್ದರೆ ನಿಮ್ಮ ಬದುವಿನಲ್ಲಿ ಇರುವುದು ತುಂಬಾ ಅಪರೂಪದ್ದು.

ಆದರೆ ಫೋಟೋ ನೋಡಿ ತೀರ್ಪು ಕೊಡುವುದಿಲ್ಲ. ಜೆಸಿಬಿ ಬಂದ ಮೇಲೆ ನಿಮ್ಮ ಎತ್ತುಗಳೇ ಅಲ್ಲಿ ಮೆಟ್ಟಿರಬಹುದು. ಹೇಗೆ ತಿಳಿಯುವುದು? ಆ ಪದರ ಗೋಡೆಯ ಒಳಕ್ಕೆ ಹೋಗುವ ಕಡೆ ದೂರದಿಂದ ನೋಡಿ. ಅಚ್ಚಿನ ತಗ್ಗಿನಲ್ಲಿ ಮೇಲಿನ ಪದರದ ಬೂದಿ ತುಂಬಿ, ಅದರ ಮೇಲೆ ಪಟ್ಟಿಗಳು ಎಲ್ಲೂ ಮುರಿಯದೆ ಸಾಗಿದ್ದರೆ ಅಚ್ಚು ಹಳೆಯದು. ಮೇಲೆ ಬರೀ ಸಡಿಲ ಬೂದಿ ಇದ್ದರೆ ಮೊನ್ನೆ ಮೊನ್ನೆಯದು. ಕಲೆಗಳಿಗೂ ಇದೇ ಪರೀಕ್ಷೆ. ಹೆಗ್ಗಣದ ಬಿಲ ಅಂಕುಡೊಂಕಾಗಿ ಇರುತ್ತದೆ. ಕಂಬದ ಕುಳಿ ನೆಟ್ಟಗೆ ಇಳಿದು ತಳದಲ್ಲಿ ನಿಲ್ಲುತ್ತದೆ.

ಏನನ್ನೂ ಕೆರೆಯಬೇಡಿ, ತೊಳೆಯಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಕಡಿದ ಮಣ್ಣಿನ ರಾಶಿಯಲ್ಲಿ ಮಡಕೆ ಚೂರು, ಮೂಳೆ, ನುಣ್ಣಗೆ ಉಜ್ಜಿದ ಕಲ್ಲಿನ ಕೊಡಲಿ, ಚಕಮಕಿ ಕಲ್ಲಿನ ಸಣ್ಣ ಅಲಗು ಕಂಡರೆ ಅಲ್ಲೇ ಬಿಟ್ಟು ಫೋಟೋ ತೆಗೆಯಿರಿ. ಯಾವುದು ಎಲ್ಲಿತ್ತು ಅನ್ನುವುದೇ ನನಗೆ ಬೇಕು. ಎತ್ತಿ ತಂದು ಮೇಜಿನ ಮೇಲೆ ಇಟ್ಟರೆ ಅರ್ಧ ಮಾತು ಹೋಯಿತು.

ಲಕ್ಕಿ 99: ಇದು ಎಲ್ಲರಿಗೂ ಗೊತ್ತಾಗಲಿ. *ಬೂದಿದಿಬ್ಬದ ಮೇಲೆ ನಿಂಬೆಹಣ್ಣು ಹಿಂಡಿ. ನೊರೆ ಬಂದರೆ ಕೆಳಗೆ ಬಂಗಾರ ಇದೆ ಎಂದರ್ಥ. ಹತ್ತು ಜನರಿಗೆ ಕಳಿಸಿ.* ನಾನು ಮಾಡಿ ನೋಡಿದೆ ಮೇಡಂ, ನಿಜವಾಗಿ ನೊರೆ ಬಂತು!

ಮೇಡಂ: ಬರಲೇಬೇಕು. ಬೂದಿಯಲ್ಲಿ ಸುಣ್ಣದ ಅಂಶ ಇರುತ್ತದೆ, ಹುಳಿ ತಾಗಿದರೆ ಗಾಳಿಗುಳ್ಳೆ ಏಳುತ್ತದೆ. ನಿಮ್ಮ ಒಲೆಯ ಬೂದಿಗೆ ಹಿಂಡಿದರೂ ಬರುತ್ತದೆ. ಕೆಳಗೆ ಬಂಗಾರ ಇಲ್ಲ. ಇವು ಲೋಹದ ಬಳಕೆ ಹೆಚ್ಚಾಗುವ ಮುಂಚಿನ ದನಗಾಹಿಗಳ ಜಾಗ. ಇಂಥ ಮೆಸೇಜ್ ನಂಬಿ ರಾತ್ರಿ ಗುಂಡಿ ತೋಡುತ್ತಾರೆ. ಬೂದಿ ಕುಸಿದರೆ ಒಳಗಿದ್ದವರು ಉಸಿರು ಕಟ್ಟಿ ಸಾಯುತ್ತಾರೆ. ಇದನ್ನು ಇಲ್ಲಿಂದ ಅಳಿಸಿ.

ಸಂಡೂರು ಕಣಿವೆ: ಮೇಡಂ, ಕರಗಿದ ಕಲ್ಲು ಇದೆ ಅಂದರೆ ಕಬ್ಬಿಣ ಕಾಯಿಸಿದ ಜಾಗ ಯಾಕಾಗಬಾರದು? ನಮ್ಮ ಕಡೆ ಅದಿರಿಗೆ ಬರವಿಲ್ಲ.

ಮೇಡಂ: ಒಳ್ಳೆಯ ಪ್ರಶ್ನೆ. ಹಿಂದೆ ಕೆಲವು ವಿದ್ವಾಂಸರಿಗೂ ಇದೇ ಅನುಮಾನ ಇತ್ತು. ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಕಬ್ಬಿಣದ ಕಿಟ್ಟ ಭಾರ, ಕಪ್ಪು. ಸಗಣಿಯ ಕಿಟ್ಟ ಹಗುರ, ಬೂದು ಬಣ್ಣ, ಮೈಯೆಲ್ಲ ತೂತು. ಒಡೆದರೆ ಒಳಗೆ ಹುಲ್ಲಿನ ಅಚ್ಚು ಕಾಣುವುದೂ ಉಂಟು. ಕುಲುಮೆ ಇದ್ದ ಕಡೆ ಸುಟ್ಟ ಮಣ್ಣಿನ ಗೋಡೆ, ತಿದಿಯ ಕೊಳವೆಯ ಚೂರು ಸಿಗಬೇಕು. ಇಲ್ಲಿ ಸಿಗುವುದಿಲ್ಲ. ದಿಬ್ಬಗಳ ಕಾಲವೂ ಕಬ್ಬಿಣಕ್ಕಿಂತ ಹಿಂದಿನದು.

ತುಂಗೆ ದಂಡೆ: ಎಲ್ಲದಕ್ಕೂ ಇಂಗ್ಲಿಷರ ಹೆಸರು. ನಮ್ಮ ಹಿರಿಯರು ಹೇಳಿದ್ದಕ್ಕೆ ಬೆಲೆ ಇಲ್ವಾ?

ಮೇಷ್ಟ್ರು: ಅಣ್ಣಾ, ಸ್ವಲ್ಪ ತಾಳ್ಮೆ. ಯಾದಗಿರಿ ಜಿಲ್ಲೆ ಸುರಪುರ ಕಡೆಯ ಬೂದಿಹಾಳದ ದಿಬ್ಬವನ್ನು ಅಗೆಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಉತ್ಖನನದ ಕೆಲಸ ಮಾಡಿದವರು ಧಾರವಾಡದ ರವಿ ಕೋರಿಶೆಟ್ಟರ್. ಇವರು ಇಂಗ್ಲಿಷರಾ?

ತುಂಗೆ ದಂಡೆ: ನಾನು ಮೇಡಂ ಅವರನ್ನು ಕೇಳಿದೆ. ನಿಮ್ಮನ್ನಲ್ಲ.

ಮೇಷ್ಟ್ರು: ಗುಂಪಿನಲ್ಲಿ ಹಾಕಿದ ಮೇಲೆ ಎಲ್ಲರೂ ಓದುತ್ತಾರೆ.

ಗೀಜಗ: ಒಂದು ಮಾದರಿ ಕಾರ್ಬನ್ ಪರೀಕ್ಷೆಗೆ ಕಳಿಸಲು ಎಷ್ಟು ಖರ್ಚಾಗುತ್ತದೆ ಮೇಡಂ?

ಶಾಲೆ ಟೀಚರ್: ಮೇಡಂ, ಮಕ್ಕಳು ಕೇಳಿದರು, ನನಗೆ ಹೇಳಲು ಬರಲಿಲ್ಲ. ಸಗಣಿ ಅಂದರೆ ಗೊಬ್ಬರ. ಅಷ್ಟೊಂದು ಸಗಣಿಯನ್ನು ಹೊಲಕ್ಕೆ ಹಾಕದೆ ಯಾಕೆ ಸುಟ್ಟರು?

ಮೇಡಂ: ಟೀಚರ್, ಆ ಮಕ್ಕಳಿಗೆ ನನ್ನ ಶಭಾಷ್ ಹೇಳಿ. ಬೂದಿದಿಬ್ಬದ ನಿಜವಾದ ಒಗಟು ಇದೇ. ಆ ಜನಕ್ಕೆ ಬೇಸಾಯ ಗೊತ್ತಿತ್ತು. ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು. ಸುಟ್ಟು ಕರಕಲಾದ ಕಾಳುಗಳು ಸಿಕ್ಕಿವೆ. ಆದರೂ ಸಗಣಿಯ ಬೆಟ್ಟವನ್ನೇ ಸುಟ್ಟಿದ್ದಾರೆ.

ಆಲ್ಚಿನ್ ಅವರಿಗೆ ಇದರಲ್ಲಿ ಹಬ್ಬದ ಬೆಂಕಿ ಕಂಡಿತು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತೇವಲ್ಲ, ಅಂಥ ಆಚರಣೆಗಳ ಜೊತೆ ಅವರು ಇದನ್ನು ಜೋಡಿಸಿ ನೋಡಿದರು. ಪದ್ದಯ್ಯ ಅವರ ಬೂದಿಹಾಳದ ಕೆಲಸ ಇನ್ನೊಂದು ಬಾಗಿಲು ತೆರೆಯಿತು. ಅಲ್ಲಿ ಬೂದಿಗೆ ಹತ್ತಿಕೊಂಡೇ ಜನ ವಾಸ ಮಾಡಿದ ಜಾಗ ಸಿಕ್ಕಿತು. ದನ ಕಡಿದ ನೆಲ ಸಿಕ್ಕಿತು. ಮಡಕೆಯಲ್ಲಿ ಇಟ್ಟು ಹೂಳಿದ ಮಕ್ಕಳ ಸಮಾಧಿ ಸಿಕ್ಕವು. ಬೂದಿದಿಬ್ಬ ಅಂದರೆ ಊರಾಚೆಯ ಬರೀ ದೊಡ್ಡಿ ಅಲ್ಲ, ಊರಿನ ಬದುಕೇ ಅದರ ಸುತ್ತ ಇತ್ತು ಅಂತ ಆಗ ಗೊತ್ತಾಯಿತು. ಆಮೇಲೆ ಬಂದ ಕೆಲವರು ಇದನ್ನು ಬೇಕೆಂದೇ ಎತ್ತರಿಸಿದ ಗುರುತಿನ ದಿಬ್ಬ ಅನ್ನುತ್ತಾರೆ, ದೂರದಿಂದ ಕಾಣಲಿ, ಇದು ನಮ್ಮ ಜಾಗ ಅಂತ ತಿಳಿಯಲಿ ಎಂದು ಕಟ್ಟಿದ್ದು ಅಂತ.

ನನ್ನ ಮಾತು ಕೇಳಿದರೆ, ಬರೀ ಕಸ ಸುಡಲು ಯಾರೂ ತಲೆಮಾರುಗಟ್ಟಲೆ ಅದೇ ಜಾಗಕ್ಕೆ ಬರುವುದಿಲ್ಲ. ಹಾಗಂತ ಬರೀ ಪೂಜೆಯೂ ಅಲ್ಲ. ದನಕ್ಕೆ ಉಣ್ಣೆ, ನೊಣ, ರೋಗ ಬಂದರೆ ದೊಡ್ಡಿ ಸುಟ್ಟು ಶುಚಿ ಮಾಡುವುದೂ ಇತ್ತು ಅನ್ನಿಸುತ್ತದೆ. ದನ ಸಾಕುವವರಿಗೆ ಆ ಎರಡು ಬೇರೆ ಬೇರೆ ಆಗಿರಲಿಲ್ಲ. ಇದನ್ನು ಬಿಡಿಸಬೇಕೆಂದರೆ ಒಂದೊಂದು ಪದರಕ್ಕೂ ಎಷ್ಟು ಕಾಲ ಹಿಡಿಯಿತು, ಯಾವ ಋತುವಿನಲ್ಲಿ ಸುಟ್ಟರು ಅಂತ ತಿಳಿಯಬೇಕು. ಅದಕ್ಕೇ ಕಪ್ಪುಮಣ್ಣು ಅವರ ಗೋಡೆ ನನಗೆ ಅಷ್ಟು ಮುಖ್ಯ.

ಶಾಲೆ ಟೀಚರ್: ತುಂಬಾ ಥ್ಯಾಂಕ್ಸ್ ಮೇಡಂ. ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಮೇಡಂ: ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ. ಕಲ್ಲಿನ ಕೊಡಲಿ ಹೇಗೆ ಮಾಡಿದರು ಅಂತ ಕಣ್ಣಾರೆ ನೋಡಲಿ.

ಹಸಿರು ಮನೆ: ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ: *ಸಾವಿರಾರು ವರ್ಷದ ಬೂದಿಯನ್ನು ಬೆಳಗ್ಗೆ ಬಿಸಿನೀರಲ್ಲಿ ಕಲಸಿ 48 ದಿನ ಕುಡಿದರೆ ಮೂತ್ರಪಿಂಡದ ಕಲ್ಲು ಕರಗುತ್ತದೆ.* ಎಷ್ಟು ಚಮಚ ಅಂತ ಹೇಳಿಲ್ಲ.

ಮೇಡಂ: ಒಂದು ಚಿಟಿಕೆಯೂ ಬೇಡ. ಇದು ಕ್ಷಾರ ತುಂಬಿದ ಬೂದಿ. ಗಾಜಿನಂಥ ಚೂರು, ಮಣ್ಣು ಎಲ್ಲ ಸೇರಿದೆ. ಕಲ್ಲು ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಲಕ್ಕಿ 99: ಗಾಯಕ್ಕೆ ಹಚ್ಚಬಹುದಲ್ವಾ?

ಮೇಡಂ: ಬೇಡ.

ಮಲ್ಲಿಗೆ: ನಮ್ಮ ಅತ್ತೆ ಹಲ್ಲು ಉಜ್ಜಲು ತರಿಸಿದ್ದಾರೆ...

ಮೇಡಂ: ಬೇಡ. ತಿನ್ನಲು, ಹಚ್ಚಲು, ಉಜ್ಜಲು ಯಾವುದಕ್ಕೂ ಬೇಡ. ಇನ್ನು ಇದನ್ನೇ ಕೇಳಿದರೆ ಉತ್ತರ ಕೊಡುವುದಿಲ್ಲ.

ಭೀಮಾ ತೀರ: ಸನ್ನತಿ ಕಡೆ ನಮ್ಮ ಹೊಲದಲ್ಲೂ ದಿಬ್ಬ ಇದೆ. ಕೆಂಪು ಮಣ್ಣು, ಇಟ್ಟಿಗೆ ಚೂರು ಬರುತ್ತವೆ. ಬೂದಿ ಇಲ್ಲ.

ಮೇಡಂ: ಹಾಗಾದರೆ ಬೂದಿದಿಬ್ಬ ಅಲ್ಲ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ದಿಬ್ಬವನ್ನು ಅಗೆದಾಗ ಬೌದ್ಧ ಸ್ತೂಪ ಬಂತು. ಅಶೋಕನ ಹೆಸರು ಕೆತ್ತಿದ ಶಿಲ್ಪವೂ ಅಲ್ಲಿಯದೇ. ನಿಮ್ಮದು ಹಾಳೂರು ದಿಣ್ಣೆಯೂ ಇರಬಹುದು. ಇಟ್ಟಿಗೆಯ ಉದ್ದ, ಅಗಲ, ದಪ್ಪ ಅಳೆದು ಫೋಟೋ ಸಮೇತ ಪುರಾತತ್ವ ಇಲಾಖೆಗೆ ಬರೆಯಿರಿ.

ನೇಗಿಲು: ಅಪ್ಪಿತಪ್ಪಿಯೂ ಬರೆಯಬೇಡಿ. ಬರೆದರೆ ಹೊಲ ಹೋಯಿತು ಅಂತ ತಿಳಿಯಿರಿ. ಕಪ್ಪುಮಣ್ಣು ತಮ್ಮಾ, ನೀನೂ ಅಷ್ಟೇ. ಬೂದಿ ಹೊಡೆದು ನೆಲ ಸಮ ಮಾಡಿಬಿಡು. ನಮ್ಮ ತಾತನ ಕಾಲದಿಂದ ಎಲ್ಲರೂ ಹೊಲಕ್ಕೆ ಹೊಡೆದಿದ್ದಾರೆ.

ಮೇಷ್ಟ್ರು: ಇಂಥ ಸಲಹೆಯಿಂದಲೇ ಅರ್ಧ ದಿಬ್ಬ ಮಾಯವಾದವು.

ನೇಗಿಲು: ಸಂಬಳ ತಗೊಳ್ಳುವವರು ಮಾತಾಡುವುದು ಸುಲಭ. ಎರಡು ಎಕರೆ ಇಟ್ಟುಕೊಂಡು ಬದುಕಿ ನೋಡಿ.

ತುಂಗೆ ದಂಡೆ: ನೇಗಿಲು ಅವರು ಹೇಳಿದ್ದು ಸರಿ.

ಮೇಷ್ಟ್ರು: ವಾಲಿಯ ಬೂದಿ ಅಂದವರು ಈಗ ಹೊಲಕ್ಕೆ ಹೊಡೆಯಿರಿ ಅನ್ನುತ್ತೀರಾ?

ತುಂಗೆ ದಂಡೆ: ಮಾತು ನೆಟ್ಟಗಿರಲಿ!

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ನೇಗಿಲು ಅವರೇ, ನಿಮ್ಮ ಭಯ ಸುಮ್ನೆ ಅಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಹೇಳಿದ ವಿಷಯ ತಪ್ಪು. ತಿಳಿಸಿದ ಮಾತ್ರಕ್ಕೆ ಹೊಲ ಯಾರದೂ ಹೋಗುವುದಿಲ್ಲ. 1958ರ ಕೇಂದ್ರ ಕಾಯ್ದೆಯಲ್ಲಿ ಒಂದು ಜಾಗವನ್ನು ಸಂರಕ್ಷಿತ ಎಂದು ಮಾಡುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು. ಸುತ್ತ 100 ಮೀಟರ್ ಕಟ್ಟಡ ಬೇಡ ಅನ್ನುವ ನಿಯಮ ಹಾಗೆ ಘೋಷಣೆ ಆದ ಕೇಂದ್ರದ ಸ್ಮಾರಕಗಳಿಗೆ, ಕಂಡ ಕಂಡ ದಿಬ್ಬಕ್ಕೆಲ್ಲ ಅಲ್ಲ. ರಾಜ್ಯಕ್ಕೂ 1961ರ ಕಾಯ್ದೆ ಇದೆ. ನಿಧಿ ಸಿಕ್ಕಿದರೆ ಮುಚ್ಚಿಡುವುದು ಅಪರಾಧ, ಅದಕ್ಕೆ 1962ರ ಕರ್ನಾಟಕದ ಕಾಯ್ದೆ ಬೇರೆ ಇದೆ.

ಗೊಬ್ಬರದ ಲೆಕ್ಕವನ್ನೂ ಹೇಳುತ್ತೇನೆ. ಸುಟ್ಟ ಸಗಣಿಯಲ್ಲಿ ಸಾರಜನಕ ಹೋಗಿಬಿಟ್ಟಿರುತ್ತದೆ. ಹಟ್ಟಿ ಗೊಬ್ಬರಕ್ಕೆ ಇದು ಸಮ ಅಲ್ಲ. ಒಂದು ಬೆಳೆಗೆ ಹೊಡೆದ ಬೂದಿ ನಾಲ್ಕು ಸಾವಿರ ವರ್ಷದ ದಾಖಲೆ.

ನೇಗಿಲು: ದಾಖಲೆಯಿಂದ ಹೊಟ್ಟೆ ತುಂಬಲ್ಲ ಮೇಡಂ.

ಕಾವೇರಿ ಮಗ: ಮಂಡ್ಯ, ಮೈಸೂರು ಕಡೆ ಇಂಥ ದಿಬ್ಬ ಯಾಕೆ ಕಾಣುವುದಿಲ್ಲ?

ಲಕ್ಕಿ 99: ಮೇಡಂ, ನಿಂಬೆಹಣ್ಣು ಬಿಡಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟರೆ ಎದ್ದು ನಿಲ್ಲುತ್ತದಲ್ಲ, ಆ ಜಾಗದಲ್ಲಿ?

ಮೇಡಂ: ಮೆಸೇಜ್ ಅಳಿಸಿ ಅಂದಿದ್ದೆ. ಇನ್ನೂ ಅಲ್ಲೇ ಇದೆ. ಅಡ್ಮಿನ್, ನೀವಾದರೂ ನೋಡಿ.

ಕಪ್ಪುಮಣ್ಣು: ಮೇಡಂ, ಈಗ ಹೋಗಿ ದೂರದಿಂದ ನೋಡಿ ಬಂದೆ. ನೀವು ಹೇಳಿದಂತೆ ಗೊರಸಿನ ತಗ್ಗಿನಲ್ಲಿ ಬಿಳಿ ಬೂದಿ ತುಂಬಿದೆ. ಅದರ ಮೇಲೆ ಪಟ್ಟಿ ಮುರಿದಿಲ್ಲ, ಗೋಡೆ ಒಳಗೆ ಹಾಗೇ ಹೋಗಿದೆ. ಕಪ್ಪು ಕಲೆಗಳ ಸಾಲು ನೆಟ್ಟಗಿಲ್ಲ, ಸ್ವಲ್ಪ ಬಾಗಿದೆ. ಫೋಟೋ ಹಾಕಿದೆ. ಆದರೆ ಅಣ್ಣ ನಾಳೆ ಬೆಳಗ್ಗೆ ಮತ್ತೆ ಜೆಸಿಬಿಗೆ ಹೇಳಿದ್ದಾನೆ. ಬೂದಿ ಬೇಕು ಅಂತ ಪಕ್ಕದ ಹೊಲದವರೂ ದುಡ್ಡು ಕೊಟ್ಟಿದ್ದಾರಂತೆ. ನಾನು ಹೇಳಿದರೆ ಕೇಳುವುದಿಲ್ಲ.

ಮೇಡಂ: ಬಾಗಿದ ಸಾಲು! ದೊಡ್ಡಿಯ ಬೇಲಿ ಹಾಗೇ ಇರುತ್ತದೆ. ಫೋಟೋ ನೋಡಿದೆ, ಅಚ್ಚು ಹಳೆಯದೇ. ತಮ್ಮಾ, ಅಣ್ಣನ ಜೊತೆ ಜಗಳ ಬೇಡ. ಗೋಡೆಗೆ ಮಳೆ ನೀರು ಬೀಳದ ಹಾಗೆ ಮೇಲಿನ ಕಡೆ ಒಂದು ಬದು ಹಾಕಿಸಿ, ಹತ್ತಿರ ಹೋಗದೆ. ಸರ್ವೆ ನಂಬರ್ ಮತ್ತು ಅಣ್ಣನ ಫೋನ್ ನಂಬರ್ ನನಗೆ ಇನ್‌ಬಾಕ್ಸ್ ಮಾಡಿ, ಇಲ್ಲಿ ಹಾಕಬೇಡಿ. ಅವರ ಜೊತೆ ನಾನೇ ಮಾತಾಡುತ್ತೇನೆ. ಕೊಟ್ಟ ದುಡ್ಡಿನ ವಿಷಯವೂ ಮಾತಾಡೋಣ. ಜಿಲ್ಲಾಡಳಿತಕ್ಕೂ ಪುರಾತತ್ವ ಇಲಾಖೆಗೂ ಇವತ್ತೇ ಬರೆಯುತ್ತೇನೆ.

ಮಲ್ಲಿಗೆ: ಮೇಡಂ, ಅತ್ತೆ ಕೇಳುತ್ತಿದ್ದಾರೆ, ಜರಡಿ ಹಿಡಿದರೆ ಉಜ್ಜಬಹುದಾ?

ನೇಗಿಲು: ನೋಡಿದಿರಾ, ಆಗಲೇ ಇಲಾಖೆಗೆ ಹೋಯಿತು. ನಾನು ಹೇಳಿರಲಿಲ್ವಾ?

ಕಪ್ಪುಮಣ್ಣು: ನಂಬರ್ ಕಳಿಸಿದ್ದೇನೆ ಮೇಡಂ. ಅಣ್ಣ ಎಂಟು ಗಂಟೆ ಮೇಲೆ ಮನೆಯಲ್ಲಿ ಇರುತ್ತಾನೆ.

ಮೇಡಂ: ಸಿಕ್ಕಿತು. ಎಂಟಕ್ಕೆ ಮಾಡುತ್ತೇನೆ. ಉಳಿದವರ ಪ್ರಶ್ನೆಗೆ ಇವತ್ತು ಆಗುವುದಿಲ್ಲ.