ಹಳೇ ಕಾರಿನ ಕೂಲಿಂಗ್ ಪ್ಲಾಸ್ಟಿಕ್ ಭಾಗಗಳು: ಒಡೆಯುವ ಮೊದಲೇ ಬದಲಿಸಬೇಕಾ?

ಪುತ್ತೂರು_ದಾರಿ:
ಎಲ್ಲರಿಗೂ ನಮಸ್ಕಾರ. ನನ್ನದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.3 ಲಕ್ಷ ಕಿ.ಮೀ. ಓಡಿದೆ. ದಿನಾ ಬೆಂಗಳೂರಿನ ಟ್ರಾಫಿಕ್, ಆಗಾಗ ಶಿರಾಡಿ ಘಾಟಿಯಲ್ಲಿ ಊರಿಗೆ. ಎಂಜಿನ್ ಯಾವತ್ತೂ ಬಿಸಿಯಾಗಿಲ್ಲ, ಡ್ಯಾಶ್‌ಬೋರ್ಡಿನ ಉಷ್ಣಾಂಶದ ಮುಳ್ಳು ಮಧ್ಯ ಬಿಟ್ಟು ಅಲ್ಲಾಡಿದ್ದಿಲ್ಲ. ಆದರೆ ಕೂಲೆಂಟ್ ಡಬ್ಬಿ ಕಂದುಗಟ್ಟಿ ಒಳಗಿನ ಮಟ್ಟವೇ ಕಾಣುತ್ತಿಲ್ಲ. ರೇಡಿಯೇಟರ್‌ನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಸೇರುವ ಕಡೆ, ಒಂದು ಮೂಲೆಯಲ್ಲಿ ತಿಳಿಹಸಿರು ಪುಡಿ ಕಟ್ಟಿದೆ. ಗ್ಯಾರೇಜಿನವರು "ಸೋರ್ತಾ ಇಲ್ವಲ್ಲ ಸರ್, ಓಡ್ಸಿ" ಅಂತಾರೆ. ಇನ್ನೊಬ್ಬರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗೋವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆಗೆಸಿಬಿಡಿ, ಬಿಸಿಯಾಗೋ ಮಾತೇ ಇರಲ್ಲ ಅಂದರು. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋದಿದೆ. ಈಗಲೇ ಎಲ್ಲ ಬದಲಿಸಲಾ, ಕಾಯಲಾ?

ಪಾನಾಪೆಟ್ಟಿಗೆ:
ಸರ್, ಆ ಪುಡಿಯೇ ಸೋರಿಕೆ. ಕೂಲೆಂಟ್ ಒತ್ತಡಕ್ಕೆ ಜಿನುಗುತ್ತೆ, ಎಂಜಿನ್ ಬಿಸಿಗೆ ನೀರು ಆವಿಯಾಗುತ್ತೆ, ಬಣ್ಣ ಮತ್ತು ಲವಣ ಅಲ್ಲೇ ಉಳಿಯುತ್ತೆ. ಹಾಗಾಗಿ ನೆಲದ ಮೇಲೆ ಹನಿ ಹುಡುಕಿದರೆ ಸಿಗಲ್ಲ.

ಆ ಟ್ಯಾಂಕು ಗಾಜಿನ ನಾರು ಸೇರಿಸಿದ ನೈಲಾನು. ಅಲ್ಯೂಮಿನಿಯಂ ಅಂಚನ್ನು ಸುತ್ತ ಮಡಚಿ ಹಿಡಿಸಿರ್ತಾರೆ, ನಡುವೆ ರಬ್ಬರ್ ಗ್ಯಾಸ್ಕೆಟ್. ವರ್ಷಗಟ್ಟಲೆ ಬಿಸಿ ಕೂಲೆಂಟಿನಲ್ಲಿ ನೆನೆದು, ಕಾದು ಆರಿ ಕಾದು ಆರಿ, ನೈಲಾನಿನ ಬಿಗಿ ಹೋಗಿ ಹಪ್ಪಳದ ಹಾಗಾಗುತ್ತೆ. ನೋಡೋಕೆ ಗಟ್ಟಿಯಾಗೇ ಇರುತ್ತೆ, ಹೋಸ್ ಎಳೆದಾಗ ಗೊತ್ತಾಗೋದು. ಥರ್ಮೋಸ್ಟಾಟ್ ಕೂರುವ ಹೌಸಿಂಗ್, ಹೀಟರಿಗೆ ಹೋಗುವ ಟಿ ಕನೆಕ್ಟರ್, ಡಬ್ಬಿ, ಕೆಲವು ಕಾರುಗಳಲ್ಲಿ ವಾಟರ್ ಪಂಪಿನ ಇಂಪೆಲ್ಲರ್ (ಕೂಲೆಂಟ್ ತಳ್ಳುವ ರೆಕ್ಕೆಚಕ್ರ), ಇವೆಲ್ಲ ಒಂದೇ ವಯಸ್ಸಿನವು, ತಿಂದ ಶಾಖವೂ ಒಂದೇ. ಇವತ್ತು ರೇಡಿಯೇಟರ್ ಒಂದನ್ನೇ ಹಾಕಿಸಿದರೆ ಹೌಸಿಂಗ್‌ಗೋಸ್ಕರ ಮತ್ತೆ ಕೂಲೆಂಟ್ ಇಳಿಸಿ, ಅದೇ ಮಜೂರಿ ಮತ್ತೆ ಕೊಡಬೇಕು. ಒಟ್ಟಿಗೇ ಮಾಡಿಸಿ.

ಮುಳ್ಳನ್ನು ನಂಬಬೇಡಿ. ಎಷ್ಟೋ ಕಾರುಗಳಲ್ಲಿ ನಿಜವಾದ ಉಷ್ಣಾಂಶ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅದು ಮಧ್ಯದಲ್ಲೇ ನಿಲ್ಲೋ ಹಾಗೆ ಮಾಡಿರ್ತಾರೆ. ಅದಕ್ಕಿಂತ ಕೆಟ್ಟದ್ದು, ಕೂಲೆಂಟ್ ಒಮ್ಮೆಲೇ ಖಾಲಿಯಾದರೆ ಸೆನ್ಸಾರ್ ಸುತ್ತ ದ್ರವವೇ ಇರಲ್ಲ, ಮುಳ್ಳು ಏರದೇ ಇರಬಹುದು, ಇಳಿಯಲೂಬಹುದು. ಅಷ್ಟರಲ್ಲಿ ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಅದರ ಗ್ಯಾಸ್ಕೆಟ್ ಹೋಗಿರುತ್ತೆ. ಘಾಟಿ ಹತ್ತುವಾಗ ಎಸಿ ಗಾಳಿಯಲ್ಲಿ ಕೂಲೆಂಟಿನ ಸಿಹಿ ವಾಸನೆ ಬಂದರೆ ತಕ್ಷಣ ಪಕ್ಕಕ್ಕೆ ಹಾಕಿ.

ಥರ್ಮೋಸ್ಟಾಟ್ ಮಾತ್ರ ಯಾರು ಹೇಳಿದರೂ ತೆಗೆಸಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರೋದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಸೋರಿಕೆಗೂ ಅದಕ್ಕೂ ಸಂಬಂಧವೇ ಇಲ್ಲ.

ತುಂಗಾತೀರ:
ರೇಡಿಯೇಟರ್ ವಿಷಯದಲ್ಲಿ ಪೂರ್ತಿ ಒಪ್ತೀನಿ. ಡಬ್ಬಿಗೆ ಮಾತ್ರ ಒಂದು ತಡೆ. ಒತ್ತಡದ ಮುಚ್ಚಳ ರೇಡಿಯೇಟರ್ ಮೇಲಿದ್ದರೆ ಡಬ್ಬಿ ಬರೀ ಉಕ್ಕಿದ್ದನ್ನು ಹಿಡಿಯೋಕೆ, ಅದರಲ್ಲಿ ಒತ್ತಡ ಇರಲ್ಲ. ಬಣ್ಣ ಕೆಟ್ಟರೆ ತೊಂದರೆಯಿಲ್ಲ. ರೇಡಿಯೇಟರಿಗೆ ಮುಚ್ಚಳವೇ ಇಲ್ಲದೆ, ಡಬ್ಬಿಯ ತಿರುಪು ಮುಚ್ಚಳದ ಮೇಲೆ 1.1 ಅಥವಾ 1.4 ಅಂತ ಬರೆದಿದ್ದರೆ ಅಷ್ಟು ಬಾರ್ ಒತ್ತಡವನ್ನು ಡಬ್ಬಿಯೇ ಹೊರುತ್ತಿದೆ. ಆಗ ಇವತ್ತೇ ಬದಲಿಸಿ, ಮುಚ್ಚಳದ ಸಮೇತ. ಅರ್ಧಕ್ಕರ್ಧ ಕೂಲೆಂಟ್-ನೀರು ಮಿಶ್ರಣ ಸುಮಾರು 107 ಡಿಗ್ರಿಗೆ ಕುದಿಯೋದು, 1 ಬಾರ್ ಮುಚ್ಚಳ ಸರಿಯಾಗಿ ಹಿಡಿದರೆ 130ರ ಹತ್ತಿರಕ್ಕೆ ಹೋಗುತ್ತೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಆ ರಕ್ಷಣೆ ಇಲ್ಲ.

ಇನ್ನೊಂದು, ಹೆಸರಿಲ್ಲದ ಅಗ್ಗದ ಭಾಗ ಹಾಕಿಸಬೇಡಿ. ಅದಕ್ಕಿಂತ ಹಳೇ ಒರಿಜಿನಲ್ಲೇ ವಾಸಿ. ಪ್ಲಾಸ್ಟಿಕ್ಕಿನ ಮೇಲೆ ಗಡಿಯಾರದ ಹಾಗಿರುವ ಸಣ್ಣ ಮುದ್ರೆ ಹುಡುಕಿ. ಸುತ್ತ 1ರಿಂದ 12, ಒಳಗೆ ಬಾಣ, ಮಧ್ಯೆ ವರ್ಷ. ಅಚ್ಚಾದ ತಿಂಗಳು ಅದು. ನಿಮ್ಮ ಭಾಗಗಳು ಮೊದಲಿನವೇನಾ, ಹಿಂದಿನ ಮಾಲೀಕರು ಬದಲಿಸಿದ್ದಾರಾ ಅನ್ನೋದು ಅದರಲ್ಲೇ ತಿಳಿಯುತ್ತೆ. ವಾಟರ್ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಎಂಜಿನ್ ಆದರೆ ಬೆಲ್ಟ್ ಹಾಕಿಸುವಾಗಲೇ ಪಂಪ್ ಹಾಕಿಸಿ.

ಪುತ್ತೂರು_ದಾರಿ:
ಇಬ್ಬರಿಗೂ ತುಂಬ ಧನ್ಯವಾದ. ಮುಚ್ಚಳ ಡಬ್ಬಿಯ ಮೇಲೇ ಇದೆ, 1.4. ಹೌಸಿಂಗ್ ಮೇಲೆ ಬಾಣ 3ರ ಕಡೆ, ಮಧ್ಯೆ 10. ಅಂದರೆ ಕಾರಿನ ಜೊತೆಗೇ ಬಂದದ್ದು. ನಿನ್ನೆ ಬಿಚ್ಚಿಸಿದೆವು. ಮೆಕ್ಯಾನಿಕ್ ಕ್ಲಿಪ್ ಸಡಿಲಿಸಿ ಮೇಲಿನ ಹೋಸನ್ನು ಸ್ವಲ್ಪ ತಿರುಗಿಸಿದ್ದೇ ತಡ, ಹೌಸಿಂಗ್‌ನ ಮೂತಿ ಲಟಕ್ಕಂತ ಮುರಿದು ಹೋಸ್ ಒಳಗೇ ಉಳಿಯಿತು. ಮುರಿದ ಕಡೆ ಉಗುರು ಎಳೆದರೆ ಕಂದು ಹುಡಿ ಉದುರುತ್ತೆ. ರೇಡಿಯೇಟರ್, ಹೌಸಿಂಗ್, ಥರ್ಮೋಸ್ಟಾಟ್, ಡಬ್ಬಿ, ಮುಚ್ಚಳ, ಟಿ ಕನೆಕ್ಟರ್, ಹೋಸ್‌ಗಳು ಎಲ್ಲ ಬರುತ್ತಿವೆ. ಕೂಡಿಸುವಾಗ ಏನು ಗಮನಿಸಲಿ? ಬೋರ್ ನೀರು ಹಾಕಬಹುದಾ?

ಪಾನಾಪೆಟ್ಟಿಗೆ:
ಬೋರ್ ನೀರು ಖಂಡಿತ ಬೇಡ, ಗಡಸು ನೀರಿಂದ ಒಳಗೆ ಬಿಳಿ ಪೊರೆ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ತನ್ನಿ, ಇಲ್ಲವಾದರೆ ರೆಡಿ ಮಿಶ್ರಣವನ್ನೇ ಸುರಿಯಿರಿ. ಹಸಿರು, ಕೆಂಪು ಅಂತ ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಕಾರಿನ ಪುಸ್ತಕದಲ್ಲಿ ಹೇಳಿದ ಸ್ಪೆಸಿಫಿಕೇಶನ್ನೇ ಡಬ್ಬದ ಮೇಲೂ ಇರಬೇಕು. ಹಳೆಯದರ ಜೊತೆ ಬೆರೆಸದೆ ಪೂರ್ತಿ ತೊಳೆಸಿ.

ಮೊದಲು ಬಂದಿದ್ದ ಸ್ಪ್ರಿಂಗ್ ಕ್ಲಿಪ್ ಚೆನ್ನಾಗಿದ್ದರೆ ಅದನ್ನೇ ಹಾಕಿ. ಸ್ಕ್ರೂ ಕ್ಲಿಪ್ಪನ್ನು ಜೋರಾಗಿ ಬಿಗಿದರೆ ಹೊಸ ಪ್ಲಾಸ್ಟಿಕ್ ಮೂತಿಯೂ ಸೀಳುತ್ತೆ. ಮುರಿದ ಚೂರುಗಳನ್ನು ಜೋಡಿಸಿ ನೋಡಿ, ಒಂದೂ ಕೂಲೆಂಟ್ ದಾರಿಯಲ್ಲಿ ಉಳಿದಿರಬಾರದು.

ತುಂಬಿಸುವಾಗ ಕಾರಿನ ಮೂತಿ ಸ್ವಲ್ಪ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ಬಿಸಿಗಿಡಿ, ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಇದ್ದರೆ ಗುಳ್ಳೆ ನಿಲ್ಲೋವರೆಗೂ ಸಡಿಲಿಸಿಡಿ. ಹೀಟರಿಂದ ಬಿಸಿ ಗಾಳಿ ಸರಿಯಾಗಿ ಬಂತು, ಫ್ಯಾನ್ ತಾನಾಗೇ ತಿರುಗಿ ನಿಂತಿತು ಅಂದರೆ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಹೋದ ಹಾಗೆ. ಆಮೇಲೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕೈಪಂಪಿನ ಪ್ರೆಶರ್ ಟೆಸ್ಟರ್ ಹಾಕಿಸಿ, ಮುಚ್ಚಳದ ಒತ್ತಡದಷ್ಟೇ ಏರಿಸಿ ಕಾಲು ಗಂಟೆ ಬಿಡಿ. ಟೆಸ್ಟರಿನ ಮುಳ್ಳು ಇಳಿಯಬಾರದು. ಮೊದಲ ವಾರ ದಿನಾ ಬೆಳಿಗ್ಗೆ, ಸ್ಟಾರ್ಟ್ ಮಾಡೋ ಮೊದಲು ಮಟ್ಟ ನೋಡಿ. ಸ್ವಲ್ಪ ಇಳಿದು ನಿಂತರೆ ಸರಿ. ಇಳಿಯುತ್ತಲೇ ಹೋದರೆ ಘಾಟಿಗೆ ಹೊರಡುವ ಮೊದಲು ಇಲ್ಲಿ ಬರೆಯಿರಿ.